ಹೊಸಲೋಕದಲ್ಲಿ ಹಾಜರಿ

ರಾತ್ರಿ ಒಂದೂಕಾಲರ ಹೊತ್ತಿಗೆ ಬೀರುವಿನ ಮೇಲಿಂದ ‘ಟುಣ್’ ಎಂದು ಸಣ್ಣ ಸದ್ದೊಂದು ಬಂತು. ಯಾರೋ ಸ್ಟೀಲ್ ಲೋಟವನ್ನು ಉಗುರಿನಿಂದ ಮೀಟಿದ ಹಾಗಿತ್ತು.

“ಇಲಿ,” ಎಂದಳು ಹೆಂಡತಿ, ಕಣ್ಣು ಬಿಡದೆಯೇ.

“ಇಲಿ ಟುಣ್ ಅನ್ನಲ್ಲ ಕಣೇ.”

“ಹಾಗಾದ್ರೆ ನಿಮ್ಮ ಆಫೀಸು,” ಎಂದು ಅವಳು ಮಗ್ಗುಲು ಬದಲಿಸಿದಳು.

ಆಫೀಸೇ ಆಗಿತ್ತು. ಸ್ಟೂಲು ಹಾಕಿಕೊಂಡು ಬೀರುವಿನ ಮೇಲಿನ ಡಬ್ಬಿ ಇಳಿಸಿದಾಗ, ಐದು ತಿಂಗಳ ಹಿಂದೆ ಕಂಪನಿ ಕೊಟ್ಟಿದ್ದ ಹೆಡ್‌ಸೆಟ್ ನೀಲಿ ಕಣ್ಣು ಮಿಟುಕಿಸುತ್ತಿತ್ತು. ಫೋನಿನಲ್ಲಿ ಸುದ್ದಿಯೂ ಬಂದಿತ್ತು. ‘ನಾಳೆ ಪೂರ್ಣ ಹಾಜರಿ ದಿನ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎಲ್ಲರೂ ತಮ್ಮ ತಮ್ಮ ಮನೆಗಳಿಂದಲೇ ಹೊಸಲೋಕದಲ್ಲಿ ಇರತಕ್ಕದ್ದು. ಅಧ್ಯಕ್ಷೆಯವರು ಭೇಟಿ ಕೊಡುತ್ತಾರೆ. ಹಾಜರಿ ನೂರಕ್ಕೆ ತೊಂಬತ್ತಕ್ಕಿಂತ ಕಡಿಮೆ ಇರುವವರ ಹೆಸರನ್ನು ಪಟ್ಟಿಗೆ ಸೇರಿಸಲಾಗುವುದು.’

ಯಾವ ಪಟ್ಟಿ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಹಿಂದಿನ ಪಟ್ಟಿಯಲ್ಲಿದ್ದ ಹತ್ತೊಂಬತ್ತು ಜನರ ಕುರ್ಚಿಗಳು ಆಫೀಸಿನಲ್ಲಿ ಇನ್ನೂ ಗೋಡೆಗೆ ಮುಖ ಮಾಡಿಕೊಂಡು ನಿಂತಿದ್ದವು, ತಪ್ಪು ಮಾಡಿದ ಮಕ್ಕಳ ಹಾಗೆ.

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಗಂಟೆಯಣ್ಣ ಎಂದು. ನೀವು ಏನನ್ನಾದರೂ ಮರೆಯಬಾರದು ಎಂದುಕೊಂಡರೆ ಫೋನಿನಲ್ಲಿ ಬರೆದಿಡುತ್ತೀರಿ. ಹೊತ್ತಿಗೆ ಸರಿಯಾಗಿ ಫೋನು ಗಂಟೆ ಬಾರಿಸಿ ನೆನಪಿಸುತ್ತದೆ. ಆ ಗಂಟೆ ಬಾರಿಸುವ ತಂತ್ರಾಂಶವನ್ನು ನೋಡಿಕೊಳ್ಳುವವನು ಅವನು. ಕಂಪನಿ ದೊಡ್ಡದಾದದ್ದೇ ಆ ಗಂಟೆಯಿಂದ. ಕೋಟಿಗಟ್ಟಲೆ ಜನ ಅದನ್ನು ನಂಬಿಕೊಂಡು ಹಾಲಿನ ಒಲೆ ಆರಿಸುತ್ತಿದ್ದರು, ಮಾತ್ರೆ ನುಂಗುತ್ತಿದ್ದರು, ಮಕ್ಕಳನ್ನು ಶಾಲೆಯಿಂದ ಕರೆತರುತ್ತಿದ್ದರು. ಆದರೆ ತುಂಬ ದೊಡ್ಡದಾದ ಮೇಲೆ ಕಂಪನಿಗೆ ತನ್ನ ಗಂಟೆಯ ಬಗ್ಗೆ ನಾಚಿಕೆಯಾಗತೊಡಗಿತು. ಬರೀ ಗಂಟೆ ಬಾರಿಸುವವರು ಎಂದು ಹೇಳಿಕೊಳ್ಳುವುದು ಹೇಗೆ? ಅದಕ್ಕೇ ಮೊದಲು ಮಾತಾಡುವ ಕನ್ನಡಕ ಬಂತು. ಆಮೇಲೆ ನಾಡಿ ನೋಡುವ ಉಂಗುರ. ಆಮೇಲೆ ಮನೆಯೊಳಗೆ ನಮ್ಮ ಹಿಂದೆಯೇ ಉರುಳಿಕೊಂಡು ಬರುವ, ಮೆಟ್ಟಿಲು ಕಂಡರೆ ಬೀಳುವ, ದುಂಡನೆಯ ಯಂತ್ರವೊಂದು. ಪ್ರತಿಯೊಂದಕ್ಕೂ ಒಂದೊಂದು ಟೀ ಶರ್ಟ್ ಹಂಚಿದ್ದರು. ಗಂಟೆಯಣ್ಣನ ಮನೆಯ ನೆಲ ಒರೆಸುವ ಬಟ್ಟೆಗಳನ್ನು ಸಾಲಾಗಿ ಹಾಸಿದರೆ ಕಂಪನಿಯ ಇತಿಹಾಸವನ್ನು ಓದಿಬಿಡಬಹುದಿತ್ತು.

ಈಗ ಬಂದಿರುವುದು ವರ್ಚುಯಲ್ ರಿಯಾಲಿಟಿ. ತಲೆಗೆ ಹೆಡ್‌ಸೆಟ್ ಬಿಗಿದುಕೊಂಡರೆ ನಿಜವಾದ ಕೋಣೆ ಮಾಯವಾಗಿ ಇಲ್ಲದ ಕೋಣೆ ಕಾಣಿಸುತ್ತದೆ. ಅದಕ್ಕೆ ‘ಹೊಸಲೋಕ’ ಎಂದು ಹೆಸರಿಟ್ಟಿದ್ದರು. ಎದುರು ಕಟ್ಟಡದ ಕಂಪನಿ ಇಂಥದ್ದನ್ನು ಶುರುಮಾಡಿದೆ ಎಂದು ತಿಳಿದು ಇವರು ಶುರುಮಾಡಿದರು. ಇವರು ಶುರುಮಾಡುತ್ತಾರಂತೆ ಎಂಬ ಗಾಳಿಮಾತು ಕೇಳಿ ಅವರು ಶುರುಮಾಡಿದ್ದರು ಎನ್ನುವುದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎರಡೂ ಕಡೆ ಟೀ ಶರ್ಟ್ ಹಂಚಿಯಾಗಿತ್ತು.

ಈ ಸಂಭ್ರಮದ ನಡುವೆ ಗಂಟೆಗೊಂದು ರೋಗ ತಗುಲಿತ್ತು. ಕೆಲವು ಫೋನುಗಳಲ್ಲಿ ಅದು ನಲವತ್ತು ನಿಮಿಷ ತಡವಾಗಿ ಬಾರಿಸುತ್ತಿತ್ತು. ‘ನನ್ನ ಮಾತ್ರೆಯ ಹೊತ್ತು ತಪ್ಪುತ್ತಿದೆ ಮಗನೇ’ ಎಂದು ಅಜ್ಜಿಯೊಬ್ಬರು ಬರೆದಿದ್ದರು. ಸರಿಮಾಡಲು ಇಬ್ಬರನ್ನು ಕೊಡಿ ಎಂದು ಅವನು ಹದಿನಾಲ್ಕು ತಿಂಗಳಿಂದ ಕೇಳುತ್ತಿದ್ದ. “ಹೊಸಲೋಕ ಮುಗೀಲಿ ನೋಡೋಣ,” ಎಂದು ಮ್ಯಾನೇಜರು ಹದಿನಾಲ್ಕು ತಿಂಗಳಿಂದ ಹೇಳುತ್ತಿದ್ದರು.

ಹೊಸಲೋಕದ ಮೇಲೆ ಅವನಿಗೆ ವೈಯಕ್ತಿಕ ದ್ವೇಷವೇನಿರಲಿಲ್ಲ. ಅವನ ಹೊಟ್ಟೆಗಿತ್ತು. ಬಸ್ಸಿನಲ್ಲಿ ಹಿಮ್ಮುಖವಾಗಿ ಕೂತರೂ ತೊಳಸುವ ಹೊಟ್ಟೆ ಅದು. ಹೆಡ್‌ಸೆಟ್ ಹಂಚಿದ ದಿನ ಹತ್ತು ನಿಮಿಷ ಹಾಕಿಕೊಂಡು, ಹನ್ನೊಂದನೆಯ ನಿಮಿಷಕ್ಕೆ ಕಸದ ಬುಟ್ಟಿ ಹುಡುಕಿದ್ದ. “ಅಭ್ಯಾಸ ಆಗುತ್ತೆ ಬಿಡ್ರೀ, ನಂಗೂ ಆಯ್ತು,” ಎಂದಿದ್ದ ಮ್ಯಾನೇಜರ ಮುಖ ಹಸಿ ಬಟಾಣಿಯ ಬಣ್ಣಕ್ಕೆ ತಿರುಗಿದ್ದನ್ನು ಅವನು ನೋಡಿಯೂ ನೋಡದಂತಿದ್ದ.

ಅವನಿಗೀಗ ನಲವತ್ತೇಳು. ಗಂಟೆ ಬಿಟ್ಟರೆ ಬೇರೆ ಕೆಲಸ ಬಾರದು. ಪಟ್ಟಿಗೆ ಹೆಸರು ಸೇರಿದರೆ ಮುಂದೇನು ಎನ್ನುವುದನ್ನು ಅವನು ಬೆಳಗಿನವರೆಗೂ ಚಾವಣಿಯ ಮೇಲೆ ಓದುತ್ತ ಮಲಗಿದ್ದ.

ಹೆಂಡತಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವಳು. ಎಂಟು ಗಂಟೆಗೆ ಹೊರಡುವಾಗ ಎರಡು ಮಾತ್ರೆಯನ್ನೂ ಒಂದು ಬಕೆಟ್ಟನ್ನೂ ಅವನ ಪಕ್ಕದಲ್ಲಿಟ್ಟಳು. “ಏಳು ಗಂಟೆ ಅಲ್ವಾ? ಉಸಿರು ಬಿಗಿಹಿಡ್ಕೊಂಡು ಕೂತ್ಕೊಳ್ಳಿ.”

“ಏಳು ಗಂಟೆ ಉಸಿರು ಬಿಗಿಹಿಡ್ಕೊಂಡ್ರೆ ಪಟ್ಟಿ ಬೇಕಾಗಿಲ್ಲ ಕಣೇ.”

“ತಮಾಷೆ ಮಾಡೋಷ್ಟು ಶಕ್ತಿ ಇದೆಯಲ್ಲ, ಸಾಕು,” ಎಂದು ಅವಳು ಬಾಗಿಲೆಳೆದುಕೊಂಡು ಹೋದಳು. ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು.

ಹತ್ತಕ್ಕೆ ಸರಿಯಾಗಿ ಅವನು ಹೆಡ್‌ಸೆಟ್ ಬಿಗಿದುಕೊಂಡ. ಗಾಜಿನ ದೊಡ್ಡ ಸಭಾಂಗಣ ತೆರೆದುಕೊಂಡಿತು. ದುಂಡಗೆ ಹಾಕಿದ್ದ ಕುರ್ಚಿಗಳಲ್ಲಿ ಎಂಬತ್ತೊಂದು ಗೊಂಬೆಗಳು ಕೂತಿದ್ದವು. ಒಬ್ಬೊಬ್ಬ ಉದ್ಯೋಗಿಗೆ ಒಂದೊಂದು ಗೊಂಬೆ. ಮ್ಯಾನೇಜರ ಗೊಂಬೆಗೆ ಮ್ಯಾನೇಜರಿಗಿಲ್ಲದಷ್ಟು ಕೂದಲಿತ್ತು. ಚಾವಣಿಯಲ್ಲಿ ಕಾರಣವಿಲ್ಲದೆ ಮೀನುಗಳು ಈಜುತ್ತಿದ್ದವು. ಆ ಮೀನುಗಳನ್ನು ನೋಡಿದ್ದೇ ತಪ್ಪಾಯಿತು. ಹನ್ನೊಂದನೆಯ ನಿಮಿಷಕ್ಕೆ ಬೆಳಗಿನ ಮಾತ್ರೆಗಳೆರಡೂ ಬಕೆಟ್ಟಿನಲ್ಲಿದ್ದವು.

ಹೆಡ್‌ಸೆಟ್ಟನ್ನು ಮೇಜಿನ ಮೇಲಿಟ್ಟು ಅವನು ಮುಖ ತೊಳೆದು ಬರುವಷ್ಟರಲ್ಲಿ ಫೋನಿನ ಹಾಜರಿ ಪುಟದಲ್ಲಿ ಅವನ ಗೊಂಬೆ ಬೂದಿ ಬಣ್ಣಕ್ಕೆ ತಿರುಗಿ ತೂಕಡಿಸುತ್ತಿತ್ತು. ತಲೆ ಐದು ನಿಮಿಷ ಅಲ್ಲಾಡದಿದ್ದರೆ ಗೈರು ಎಂದು ಲೆಕ್ಕ. ‘ಹಾಜರಿ: ನೂರಕ್ಕೆ ಮೂರು’ ಎಂದು ಫೋನು ತೋರಿಸಿತು.

“ಯಾರಪ್ಪಾ ಅದು, ಬೆಳಬೆಳಿಗ್ಗೆ ಕರುಳೇ ಕಿತ್ತು ಬರೋ ಹಾಗೆ ಕಕ್ತಿರೋದು?” ಎನ್ನುತ್ತ ಬಾಗಿಲು ಬಡಿದವರು ಮೇಲಿನ ಮನೆಯ ಲಿಫ್ಟ್ ಮಾಮ. ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಕಟ್ಟಡದಲ್ಲಿ ಎಲ್ಲಿ ಏನು ಕೆಟ್ಟರೂ, ಕೆಡದಿದ್ದರೂ, ಸ್ಕ್ರೂಡ್ರೈವರ್ ಹಿಡಿದು ಹಾಜರಾಗುತ್ತಿದ್ದರು. ಅವರ ಬೆನ್ನಿಗೇ ಎದುರುಮನೆಯ ಟೈಲರಕ್ಕ, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು.

ಗಂಟೆಯಣ್ಣ ಕಷ್ಟ ಹೇಳಿಕೊಂಡ. ಲಿಫ್ಟ್ ಮಾಮ ಹೆಡ್‌ಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. “ಅಂದ್ರೆ ಇದಕ್ಕೆ ಬೇಕಾಗಿರೋದು ನೀನಲ್ಲ. ಅಲ್ಲಾಡೋ ತಲೆ.”

“ಹೂಂ ಮಾಮ.”

“ನಿಮ್ಮನೇಲಿ ಟೇಬಲ್ ಫ್ಯಾನ್ ಇದೆಯಾ? ಆ ಕಡೆ ಈ ಕಡೆ ತಿರುಗೋದು?”

“ಮಾಮ, ಅದು ಮೋಸ ಆಗಲ್ವಾ?”

“ಮೋಸ ಏನು ಬಂತು! ಇಲ್ದೇ ಇರೋ ಕೋಣೇಲಿ, ಇಲ್ದೇ ಇರೋ ಕುರ್ಚಿ ಮೇಲೆ, ನೀನು ನಿಜವಾಗ್ಲೂ ಕೂತಿರಬೇಕಾ?”

ಗಂಟೆಯಣ್ಣ ಹೋಗಿ ಫ್ಯಾನು ತಂದ.

ಹತ್ತು ನಿಮಿಷದಲ್ಲಿ ಫ್ಯಾನು ಹೆಡ್‌ಸೆಟ್ ತೊಟ್ಟುಕೊಂಡಿತ್ತು. ಟೈಲರಕ್ಕ ಅಗಲದ ಇಲಾಸ್ಟಿಕ್ ಕತ್ತರಿಸಿ ಜಾಲರಿಗೆ ಬಿಗಿಯಾಗಿ ಹೊಲಿದಳು. ಒಳಗೆ ಮುಖವಿದೆಯೋ ಇಲ್ಲವೋ ಎಂದು ಹೆಡ್‌ಸೆಟ್ ಪರೀಕ್ಷಿಸುತ್ತದೆ ಎಂದಾಗ ತನ್ನ ಸೂಜಿ ಚುಚ್ಚುವ ಮೆತ್ತೆಯನ್ನೇ ಒಳಗೆ ತುರುಕಿದಳು. “ಸೂಜಿ ತೆಗ್ದಿದೀನಿ, ಮುಖಕ್ಕೆ ಚುಚ್ಚಲ್ಲ,” ಎಂದಳು ಫ್ಯಾನಿಗೆ ಸಮಾಧಾನ ಹೇಳುವಂತೆ. ತಿರುಗುವಾಗ ಚಾರ್ಜಿನ ವಯರು ಸಿಕ್ಕಿಕೊಳ್ಳಬಾರದೆಂದು ಲಿಫ್ಟ್ ಮಾಮ ಅದನ್ನು ಸಡಿಲವಾಗಿ ಇಳಿಬಿಟ್ಟರು. “ಲಿಫ್ಟಿನ ಕೆಳಗೆ ಕೇಬಲ್ ಜೋತಾಡುತ್ತೆ ನೋಡು, ಹಾಗಿರಬೇಕು. ಮೂವತ್ತು ವರ್ಷ ಆದ್ರೂ ತುಂಡಾಗಲ್ಲ.”

“ಮೂವತ್ತು ವರ್ಷ ಬೇಡ ಮಾಮ, ಐದು ಗಂಟೆವರೆಗೆ ಸಾಕು.”

ಗುಂಡಿ ಒತ್ತಿದರು. ಫ್ಯಾನು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಮತ್ತೆ ಎಡಕ್ಕೆ. ಹೊಸಲೋಕದಲ್ಲಿ ಗೊಂಬೆಗೆ ಬಣ್ಣ ಮರಳಿತು. ಗಂಟೆ ಹತ್ತೂ ಮೂವತ್ತೈದು.

ಅಲ್ಲಿಂದ ಮುಂದಿನ ನಾಲ್ಕು ಗಂಟೆ ಗಂಟೆಯಣ್ಣನ ನೌಕರಿಯ ಅತ್ಯುತ್ತಮ ನಾಲ್ಕು ಗಂಟೆಗಳಾಗಿದ್ದವು. ಅಲ್ಲೇನು ನಡೆಯುತ್ತಿದೆ ಎಂದು ಕಿವಿಗೆ ಬೀಳಲಿ ಎಂದು ಹೆಡ್‌ಸೆಟ್ಟಿನ ಸದ್ದನ್ನು ಪೂರ್ತಿ ಹೆಚ್ಚಿಸಿ, ತಾನು ಒಳಗಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ತೆರೆದು ಕೂತ. ಕರೆಯುವವರಿಲ್ಲ, ಸಭೆಯಿಲ್ಲ, ಮೀನುಗಳಿಲ್ಲ. ತಡವಾಗಿ ಬಾರಿಸುವ ಗಂಟೆ ತನ್ನ ಗುಟ್ಟನ್ನು ಮಧ್ಯಾಹ್ನದೊಳಗೆ ಬಿಟ್ಟುಕೊಟ್ಟಿತು. ಹದಿನಾಲ್ಕು ತಿಂಗಳಲ್ಲಿ ಆಗದ ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. ಕಂಪನಿಯವರು ಪೂರ್ತಿ ಹೊಸಲೋಕಕ್ಕೆ ಹೋಗಿಬಿಟ್ಟರೆ ಹಳೆಯ ಲೋಕದಲ್ಲಿ ಎಷ್ಟೊಂದು ಕೆಲಸ ಮಾಡಬಹುದಲ್ಲ ಎಂದು ಅವನಿಗೆ ಮೊದಲ ಬಾರಿಗೆ ಹೊಸಲೋಕದ ಮೇಲೆ ಪ್ರೀತಿ ಹುಟ್ಟಿತು.

ಎರಡೂವರೆಗೆ ಎದುರುಮನೆಯಿಂದ ಕೂಗು ಬಂತು. “ತಮ್ಮಾ, ನನ್ನ ಕತ್ತರಿ ನಿಮ್ಮನೇಲೇ ಬಿಟ್ಟೆ! ಬ್ಲೌಸು ಅರ್ಧಕ್ಕೇ ನಿಂತಿದೆ ಕಣಪ್ಪಾ!”

ಅವನು ಬಾಗಿಲನ್ನು ಅಷ್ಟಗಲ ತೆರೆದಿಟ್ಟು, ಕತ್ತರಿ ಹಿಡಿದು ನಾಲ್ಕು ಹೆಜ್ಜೆ ದಾಟಿದ. ಮೊದಲ ಸುತ್ತಿಗೆ ಫ್ಯಾನಿನ ಗಾಳಿ ಬಾಗಿಲನ್ನು ಮೆಲ್ಲನೆ ಸವರಿತು. ಎರಡನೆಯ ಸುತ್ತಿಗೆ ಸ್ವಲ್ಪ ನೂಕಿತು. ಮೂರನೆಯ ಸುತ್ತಿಗೆ ‘ಧಡ್’ ಎಂದು ಬಾಗಿಲು ಮುಚ್ಚಿತು. ಬೀಗ ‘ಕಟಕ್’ ಎಂದಿತು.

ಕತ್ತರಿ ಕೈಯಲ್ಲೇ ಹಿಡಿದು ಗಂಟೆಯಣ್ಣ ತಿರುಗಿ ನೋಡಿದ. ಕೀಲಿ ಒಳಗೆ. ಇನ್ನೊಂದು ಕೀಲಿ ಊರಿನ ಆಚೆ ತುದಿಯಲ್ಲಿ, ಹೆಂಡತಿಯ ಕೈಚೀಲದಲ್ಲಿ.

“ಏನೂ ಆಗಲ್ಲ ಬಿಡು,” ಎಂದಳು ಟೈಲರಕ್ಕ. “ಫ್ಯಾನು ತಿರುಗ್ತಾನೇ ಇದೆಯಲ್ಲ? ನೀನಿಲ್ದೇನೂ ನಿನ್ನ ಕೆಲಸ ಚೆನ್ನಾಗೇ ನಡೀತಿದೆ.”

ಅದೇ ಹೊತ್ತಿಗೆ ಬಾಗಿಲಿನಾಚೆಯಿಂದ ಹೆಂಗಸಿನ ಗಂಭೀರವಾದ ದನಿ ಕೇಳಿಸಿತು. ಅಧ್ಯಕ್ಷೆ! ಗಂಟೆಯಣ್ಣ ಬಾಗಿಲಿಗೆ ಕಿವಿಯಿಟ್ಟ. ಟೈಲರಕ್ಕನೂ ಇಟ್ಟಳು. ಕತ್ತರಿಯ ಕೂಗಿಗೆ ಇಳಿದು ಬಂದಿದ್ದ ಲಿಫ್ಟ್ ಮಾಮ ಮೂರನೆಯ ಕಿವಿಗೆ ಜಾಗ ಮಾಡಿಕೊಂಡರು.

“...ಹಾಗಾಗಿ ನಿಮ್ಮನ್ನೇ ಕೇಳ್ತಿದೀನಿ,” ಎನ್ನುತ್ತಿತ್ತು ದನಿ. “ಬೇರೆ ಎಲ್ಲಾ ಕೆಲಸ ನಿಲ್ಲಿಸಿ ಇನ್ನೂ ಮೂರು ವರ್ಷ ಹೊಸಲೋಕಕ್ಕೇ ಕೊಡೋಣ ಅಂತಿದೀನಿ. ಒಪ್ಪಿಗೆ ಇದ್ದೋರು ತಲೆ ಆಡಿಸಿ.”

ಎಂಬತ್ತು ಗೊಂಬೆಗಳು ಮೇಲೆ ಕೆಳಗೆ ತಲೆಯಾಡಿಸುತ್ತಿರಬೇಕು. ಎಂಬತ್ತೊಂದನೆಯದು ಏನು ಮಾಡುತ್ತಿದೆ ಎನ್ನುವುದು ಮೂವರಿಗೂ ಒಟ್ಟಿಗೇ ಹೊಳೆಯಿತು.

“ಅಯ್ಯೋ,” ಎಂದಳು ಟೈಲರಕ್ಕ. “ಫ್ಯಾನು ಬೇಡ ಅಂತಿದೆ.”

ಜೇಬಿನಲ್ಲಿ ಫೋನು ಒದ್ದಾಡಿತು. ಮ್ಯಾನೇಜರು. ದನಿ ಪಿಸುಮಾತಿನಲ್ಲಿದ್ದರೂ ಕಿರುಚಿದ ಹಾಗೆಯೇ ಇತ್ತು. “ಏನ್ರೀ ಗಂಟೆ, ಏನ್ ಮಾಡ್ತಿದೀರಿ? ತಲೆಗಳ ಲೆಕ್ಕ ನನ್ನ ಕಂಪ್ಯೂಟರಿಗೆ ಬರ್ತಿದೆ. ಎಲ್ರೂ ಹೂಂ ಅಂತಿದ್ರೆ ನೀವೊಬ್ರೇ ಉಹುಂ ಉಹುಂ ಅಂತ ತಲೆ ಅಲ್ಲಾಡಿಸ್ತಿದೀರಲ್ರೀ!”

“ಸಾರ್... ಅದು... ಕತ್ತು ಹಿಡ್ಕೊಂಡಿದೆ ಸಾರ್.”

“ಕತ್ತು ಹಿಡ್ಕೊಂಡ್ರೆ ನಿಲ್ಲುತ್ತೆ ಕಣ್ರೀ, ಹೀಗೆ ತಿರುಗಲ್ಲ! ನಿಲ್ಸಿ ಮೊದ್ಲು!”

“ನಿಲ್ಸೋಕಾಗ್ತಿಲ್ಲ ಸಾರ್.”

“ಅಷ್ಟು ಹಟಾನಾ?” ಮ್ಯಾನೇಜರ ದನಿಯಲ್ಲಿ ಭಯದ ಜೊತೆಗೆ ಒಂದು ಚೂರು ಗೌರವವೂ ಬೆರೆಯಿತು. “ನೋಡಿ, ನಾನು ನಿಮ್ಮ ಮ್ಯಾನೇಜರು ಅಂತ ಮಾತ್ರ ಯಾರಿಗೂ ಹೇಳ್ಬೇಡಿ.” ಫೋನು ಕಟ್ಟಾಯಿತು.

“ಮಾಮ, ಬಾಗ್ಲು ತೆಗೀರಿ! ಏನಾದ್ರೂ ಮಾಡಿ ತೆಗೀರಿ!”

ಲಿಫ್ಟ್ ಮಾಮ ಈ ಮಾತಿಗಾಗಿ ನಿವೃತ್ತಿಯಾದ ದಿನದಿಂದ ಕಾಯುತ್ತಿದ್ದವರಂತೆ ಎರಡೆರಡು ಮೆಟ್ಟಿಲು ಹಾರಿ ಹೋಗಿ ಡ್ರಿಲ್ ಮೆಷಿನ್ ತಂದರು. ಟೈಲರಕ್ಕನ ಮನೆಯಿಂದ ವಯರು ಎಳೆದು, ಬೀಗದ ಪಕ್ಕಕ್ಕೆ ಗುರಿಯಿಟ್ಟರು.

“ಒಬ್ಬರು ಮಾತ್ರ ಬೇಡ ಅಂತಿದಾರೆ,” ಒಳಗಿನ ದನಿ ಹೇಳಿತು. “ಪರವಾಗಿಲ್ಲ, ಯೋಚನೆ ಮಾಡಿ. ಇನ್ನೊಂದ್ಸಲ ಕೇಳ್ತೀನಿ. ಮೂರು ವರ್ಷ ಕೊಡೋಣವಾ?”

“ಕೊಡೋಣ ಮೇಡಂ, ಕೊಡೋಣ!” ಎಂದು ಗಂಟೆಯಣ್ಣ ಬಾಗಿಲಿಗೆ ಬಾಯಿಟ್ಟು ಕೂಗಿದ. ಅದೇ ಕ್ಷಣ ಡ್ರಿಲ್ಲು ‘ಗರ್ರ್‌ರ್‌ರ್’ ಎಂದಿತು. ಅವನ ಒಪ್ಪಿಗೆ ಮರದ ಪುಡಿಯ ಜೊತೆ ನೆಲಕ್ಕುದುರಿತು. ಹೆಡ್‌ಸೆಟ್ಟಿನ ಮೈಕು ಗರ್ರನ್ನು ಮಾತ್ರ ಹಿಡಿದುಕೊಂಡಿತು.

“ಅಬ್ಬಾ!” ಎಂದಿತು ಒಳಗಿನ ದನಿ. “ಇಷ್ಟೊಂದು ಸಿಟ್ಟು ಇದೆಯಾ ನಿಮ್ಗೆ?”

ಫ್ಯಾನು ಶಾಂತವಾಗಿ ಎಡಕ್ಕೂ ಬಲಕ್ಕೂ ನೋಡುತ್ತಿರಬೇಕು.

“ಸಿಟ್ಟಿಲ್ಲ ಅಂತಿದೆ,” ಎಂದು ಟೈಲರಕ್ಕ ವಿವರಿಸಿದಳು. ತನ್ನ ಮನೆಯಿಂದ ಕುರ್ಚಿ ಎಳೆದುಕೊಂಡು ಅವಳು ಆರಾಮಾಗಿ ಕೂತೇಬಿಟ್ಟಿದ್ದಳು.

“ಹಾಗಾದ್ರೆ ಏನಿದು? ಹೆದರಿಕೆನಾ?”

ಎಡಕ್ಕೆ, ಬಲಕ್ಕೆ.

“ಹೆದರಿಕೆನೂ ಇಲ್ಲ! ನನ್ನ ಮುಖ ನೋಡ್ಕೊಂಡು ಬೇಡ ಅನ್ನೋಕೆ ಒಂಚೂರೂ ಹೆದರಿಕೆ ಇಲ್ವಾ?”

‘ಗರ್ರ್‌ರ್‌ರ್!’

“ಮಾಮ, ನಿಲ್ಸಿ! ಅಲ್ಲ ಅಲ್ಲ, ನಿಲ್ಲಿಸ್ಬೇಡಿ, ಬೇಗ!” ಗಂಟೆಯಣ್ಣ ನಿಂತಲ್ಲೇ ಕುಣಿದ. ಒಂದು ಕಾಲು ನಿಲ್ಲಿಸಲು, ಇನ್ನೊಂದು ಕಾಲು ಬೇಗ ಮುಗಿಸಲು.

ಕೊನೆಗೆ ಬೀಗವೇ ಕಿತ್ತು ಬಂತು. ಬಾಗಿಲು ತೆರೆದ ರಭಸಕ್ಕೆ ಗಂಟೆಯಣ್ಣ ಒಳಗೆ ನುಗ್ಗಿ, ಲಿಫ್ಟ್ ಮಾಮ ಮೂವತ್ತು ವರ್ಷ ಬಾಳುವಂತೆ ಇಳಿಬಿಟ್ಟಿದ್ದ ವಯರಿಗೇ ಕಾಲು ಸಿಕ್ಕಿಸಿಕೊಂಡ. ಅವನು ಬಿದ್ದ. ಅವನ ಮೇಲೆ ಫ್ಯಾನು ಬಿತ್ತು. ಫ್ಯಾನಿನ ಕತ್ತು ‘ಲಟಕ್’ ಎಂದು ಮುರಿಯಿತು. ಮಲಗಿದಲ್ಲೇ ಇಲಾಸ್ಟಿಕ್ ಹರಿದು, ಮೆತ್ತೆ ಎಸೆದು, ಹೆಡ್‌ಸೆಟ್ಟನ್ನು ಮುಖಕ್ಕೆ ಒತ್ತಿಕೊಂಡ.

ಗಾಜಿನ ಸಭಾಂಗಣ ಒಂದು ಸುತ್ತು ತಿರುಗಿ ನಿಂತಿತು. ಎಂಬತ್ತು ಗೊಂಬೆಗಳೂ ಅವನನ್ನೇ ನೋಡುತ್ತಿದ್ದ ಹಾಗಿತ್ತು. ನಡುವೆ ಬೆಳ್ಳಗೆ ಹೊಳೆಯುವ ಅಧ್ಯಕ್ಷೆಯ ಗೊಂಬೆ ಅವನ ಮುಂದೆಯೇ ಬಂದು ನಿಂತಿತ್ತು. ಮೇಲೆ ಆ ಹಾಳು ಮೀನುಗಳು.

“ಕೊನೇ ಸಲ ಕೇಳ್ತೀನಿ,” ಎಂದಿತು ಗೊಂಬೆ. “ಒಪ್ಪಿಗೆನಾ?”

ಹೂಂ ಅನ್ನಬೇಕು. ಒಂದು ಸಲ, ಒಂದೇ ಒಂದು ಸಲ ತಲೆ ಕೆಳಗೆ ಹೋಗಿ ಮೇಲೆ ಬಂದರೆ ನೌಕರಿ ಉಳಿಯುತ್ತದೆ. ಗಂಟೆಯಣ್ಣ ಮನಸ್ಸು ಗಟ್ಟಿಮಾಡಿ ತಲೆ ತಗ್ಗಿಸಿದ. ತಲೆ ಕೆಳಗೆ ಹೋಯಿತು. ಅಷ್ಟರಲ್ಲಿ ಹೊಟ್ಟೆ ಮೇಲೆ ಬಂತು. ಟೈಲರಕ್ಕ ಸರಿಯಾದ ಸಮಯಕ್ಕೆ ಬಕೆಟ್ ನೂಕಿದಳು. ತಲೆ ಬಕೆಟ್ಟಿನೊಳಗೆ ಹೋದದ್ದು ಮೇಲೆ ಬರಲೇ ಇಲ್ಲ.

ಹೊಸಲೋಕದಲ್ಲಿ ಅವನ ಗೊಂಬೆ ನೆಲ ಮುಟ್ಟುವಷ್ಟು ಬಾಗಿ, ಹಾಗೆಯೇ ನಿಂತುಬಿಟ್ಟಿತು.

“ಏಳಿ,” ಎಂದಿತು ಕೊನೆಗೆ ಅಧ್ಯಕ್ಷೆಯ ದನಿ, ಸ್ವಲ್ಪ ಒದ್ದೆಯಾಗಿ. “ನಿಜ ಹೇಳಿದ್ದಕ್ಕೆ ಕ್ಷಮೆ ಕೇಳ್ಬೇಡಿ. ಇವತ್ತಿಗೆ ಸಾಕು. ಎಲ್ರೂ ಹೊರಡಿ.”

ಗಂಟೆ ಮೂರೂವರೆ. ಸಭೆ ಬೇಗ ಮುಗಿದದ್ದರಿಂದ ಹಾಜರಿಯ ಲೆಕ್ಕವೂ ಅಲ್ಲಿಗೇ ಮುಗಿದಿತ್ತು. ಫೋನು ‘ಟುಣ್’ ಎಂದಿತು. ‘ಹಾಜರಿ: ನೂರಕ್ಕೆ ತೊಂಬತ್ತೆರಡು.’

“ಪಾಸಾದ್ಯಲ್ಲಪ್ಪಾ!” ಎಂದು ಲಿಫ್ಟ್ ಮಾಮ ಅವನ ಬೆನ್ನು ತಟ್ಟಿದರು. ಬೆನ್ನು ತಟ್ಟಬಾರದ ಹೊತ್ತು ಅದು. ಬಕೆಟ್ಟಿಗೆ ಮತ್ತೊಮ್ಮೆ ಕೆಲಸ ಬಿತ್ತು.

ಪಾಸಾದ ಖುಷಿ ಅವನಿಗಿರಲಿಲ್ಲ. ಹಾಜರಿ ಕಡಿಮೆಯಾದವರನ್ನು ಕೆಲಸದಿಂದ ತೆಗೆಯುತ್ತಾರೆ. ಪೂರ್ತಿ ಹಾಜರಿದ್ದು ಅಧ್ಯಕ್ಷೆಗೆ ಮತ್ತೆ ಮತ್ತೆ ಬೇಡವೆಂದು, ಮೇಲೆ ಗುರುಗುಟ್ಟಿದವನನ್ನು ಏನು ಮಾಡುತ್ತಾರೆ? ಅದಕ್ಕೆ ಪಟ್ಟಿಯೂ ಬೇಕಾಗಿಲ್ಲ.

ಆರೂವರೆಗೆ ಹೆಂಡತಿ ಬಂದಳು. ಬೀಗವಿದ್ದ ಜಾಗದಲ್ಲಿ ಕಿತ್ತಳೆ ಹಣ್ಣು ತೂರುವಷ್ಟು ತೂತು. ಅದರೊಳಗಿಂದ ಇಣುಕಿದರೆ ನೆಲದ ಮೇಲೆ ಗಂಡ, ಗಂಡನ ಪಕ್ಕದಲ್ಲಿ ಕತ್ತು ಮುರಿದ ಫ್ಯಾನು. ಇಬ್ಬರೂ ಒಂದೇ ಕಡೆಗೆ ವಾಲಿದ್ದರು.

“ಇಬ್ರಲ್ಲಿ ಯಾರಿಗೆ ಮೊದ್ಲು ಎಕ್ಸ್‌ರೇ ಮಾಡ್ಬೇಕು?” ಎಂದಳು.

ಅವನು ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ. ಪಕ್ಕದಲ್ಲಿ ನೆಲಕ್ಕೇ ಕೂತು ಅವನ ಹಣೆ ಮುಟ್ಟಿ ನೋಡಿದಳು. “ಹೋದ್ರೆ ಹೋಗ್ಲಿ ಬಿಡಿ. ನನ್ನ ಕೆಲಸ ಇದೆಯಲ್ಲ. ನಮ್ಮ ಮೆಷಿನ್ನಿಗೆ ಹತ್ತು ವರ್ಷದಿಂದ ಒಂದೇ ಕೆಲಸ, ಮೂಳೆ ತೋರಿಸೋದು. ಯಾರೂ ಅದಕ್ಕೆ ಟೀ ಶರ್ಟ್ ಹಂಚಿಲ್ಲ.”

ಆ ಮಾತಿಗೆ ಅವನ ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅವನು ಬಾಲ್ಕನಿಗೆ ಹೋಗಿ ಬಾಗಿಲು ಮುಚ್ಚಿಕೊಂಡ.

“ನಾನು ಮಾತಾಡ್ತಿರೋದು,” ಎಂದಿತು ಗಂಭೀರವಾದ ದನಿ. ಅಧ್ಯಕ್ಷೆ, ಸ್ವತಃ. ಗಂಟೆಯಣ್ಣನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ಮೇಡಂ, ಮಧ್ಯಾಹ್ನದ್ದು... ನಂದು ತಪ್ಪಾಯ್ತು...”

“ತಪ್ಪು ನಂದು ಕಣ್ರೀ. ಒಂದು ವಿಷಯ ಹೇಳ್ತೀನಿ, ನಿಮ್ಮಲ್ಲೇ ಇರ್ಲಿ. ಇವತ್ತು ನಾನು ಅಲ್ಲಿರ್ಲೇ ಇಲ್ಲ.”

“ಮೇಡಂ?”

“ಅದನ್ನ ಹಾಕ್ಕೊಂಡ್ರೆ ನಂಗೆ ತಲೆ ಸುತ್ತುತ್ತೆ. ನಮ್ಮ ಡ್ರೈವರ್ ಹಾಕ್ಕೊಂಡಿದ್ದ. ನಾನು ಪಕ್ಕದಲ್ಲಿ ಕೂತು ಬರೀ ಮಾತಾಡ್ತಿದ್ದೆ. ಅವನೇ ಹೇಳಿದ್ದು, ‘ಅಮ್ಮಾ, ಒಬ್ರು ಬೇಡ ಅಂತಿದಾರೆ’ ಅಂತ. ಎದೆ ಧಸಕ್ ಅಂತು ನಂಗೆ. ಎರಡು ವರ್ಷದಲ್ಲಿ ಯಾರೂ ನಂಗೆ ಬೇಡ ಅಂದಿರ್ಲಿಲ್ಲ.”

ಗಂಟೆಯಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಅದಾದ ಮೇಲೆ ಏನಾಯ್ತು ಗೊತ್ತಾ? ಒಬ್ಬೊಬ್ರೇ ಫೋನ್ ಮಾಡೋಕೆ ಶುರು ಮಾಡಿದ್ರು. ನೀವು ಧೈರ್ಯ ಮಾಡಿದ್ದು ನೋಡಿ ಎಲ್ರಿಗೂ ಧೈರ್ಯ ಬಂತಂತೆ. ಒಬ್ರು ಹೆಡ್‌ಸೆಟ್ಟನ್ನ ವಾಷಿಂಗ್ ಮೆಷಿನ್ ಮೇಲೆ ಇಟ್ಟಿದ್ರಂತೆ, ಅಲ್ಲಾಡ್ತಿರ್ಲಿ ಅಂತ. ಒಬ್ರು ನಾಯಿಗೆ ತೊಡಿಸಿದ್ರಂತೆ. ನಿಮ್ಮ ಮ್ಯಾನೇಜರು ನೀರಿನ ಪಂಪಿಗೆ ಕಟ್ಟಿದ್ರಂತೆ, ಅದಕ್ಕೇ ಅವ್ರ ತಲೆ ಅಷ್ಟು ಜೋರಾಗಿ ಒಪ್ತಾ ಇದ್ದಿದ್ದು. ಎಂಬತ್ತು ಜನ ಒಪ್ಪಿದ್ರು ಅಂದ್ಕೊಂಡಿದ್ದೆ, ಒಪ್ಪಿದ್ದು ವಾಷಿಂಗ್ ಮೆಷಿನ್ನು! ಇಡೀ ಸಭೆಯಲ್ಲಿ ನಿಜವಾಗ್ಲೂ ಇದ್ದ ಮನುಷ್ಯ ನೀವೊಬ್ರೇ.”

“ಮೇಡಂ, ನಾನೂ... ಅಂದ್ರೆ ನಂದೂ...”

“ಸಂಕೋಚ ಬೇಡ. ಯಂತ್ರ ಯಾವತ್ತಾದ್ರೂ ಬೇಡ ಅನ್ನುತ್ತಾ? ಬೇಡ ಅನ್ನೋಕೆ ಮನುಷ್ಯನೇ ಬೇಕು.”

ಗಾಜಿನ ಬಾಗಿಲಿನಾಚೆ ಹೆಂಡತಿ ಫ್ಯಾನಿನ ಕತ್ತನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತಿದ್ದಳು. ಬಿಟ್ಟ ಕೂಡಲೇ ಅದು ಬಾಗುತ್ತಿತ್ತು.

“ಹಾಗಾದ್ರೆ ಹೊಸಲೋಕ ನಿಲ್ಲಿಸ್ತೀರಾ ಮೇಡಂ?” ಅವನ ದನಿಯಲ್ಲಿ ಆಸೆ ಚಿಗುರಿತು.

“ಖಂಡಿತ ನಿಲ್ಲಿಸ್ತೀನಿ. ಆದ್ರೆ ಈಗ್ಲೇ ಅಲ್ಲ. ಪೇಪರಿಗೆಲ್ಲ ಹೇಳಿಬಿಟ್ಟಿದೀವಿ. ಮುಂದಿನ ವರ್ಷದ ಹೊತ್ತಿಗೆ ಜನ ಮರೀತಾರೆ, ಆಗ ಸದ್ದಿಲ್ದೆ ಮುಚ್ಚೋಣ. ಅಷ್ಟರಲ್ಲಿ ಬೇರೆ ಏನು ಮಾಡ್ಬೇಕು ಅಂತ ನೋಡ್ಕೊಂಡ್ರಾಯ್ತು, ಎಲ್ರೂ ಯಾವ ಕಡೆ ಹೋಗ್ತಿದಾರೆ ಅಂತ.”

“ಅಲ್ಲೀವರೆಗೆ ಗಂಟೆ ಸರಿಮಾಡ್ಲಾ ಮೇಡಂ? ಮುಕ್ಕಾಲು ಪಾಲು ಆಗಿದೆ. ಎರಡೇ ದಿನ...”

“ಗಂಟೆ?” ಅಧ್ಯಕ್ಷೆ ಯೋಚಿಸಿದರು. “ಓ, ಅದು! ಅದಿನ್ನೂ ಇದೆಯಾ? ಒಳ್ಳೇದಾಯ್ತು. ಆದ್ರೆ ನಿಮ್ಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಕೇಳಿ. ಹೊಸಲೋಕ ನೋಡೋಕೆ ಅಂತ ಹೊರಗಿನವ್ರು ಬರ್ತಾನೇ ಇರ್ತಾರೆ. ಪತ್ರಿಕೆಯವ್ರು, ದುಡ್ಡು ಹಾಕಿದವ್ರು. ಬಂದಾಗ ಒಳಗೆ ಒಬ್ನಾದ್ರೂ ನಿಜವಾದ ಮನುಷ್ಯ ಇರ್ಬೇಕಲ್ವಾ, ಮಾತಾಡ್ಸೋಕೆ? ಉಳಿದ ಎಂಬತ್ತು ಜನಕ್ಕೆ ನಾಳೆಯಿಂದ ವಿನಾಯಿತಿ ಕೊಟ್ಟಿದೀನಿ, ಪಾಪ ಅವ್ರಿಗೆ ಆಗಲ್ಲ. ಅಷ್ಟು ಹೊತ್ತು ಅದನ್ನ ಹಾಕ್ಕೊಂಡು ಕೂರೋ ಶಕ್ತಿ ಇರೋದು ನಿಮ್ಮೊಬ್ರಿಗೇ. ನಾಳೆಯಿಂದ ದಿನಾ ಹತ್ತರಿಂದ ಐದು. ಒಂದು ವರ್ಷ.”

ಗಂಟೆಯಣ್ಣ ಬಾಲ್ಕನಿಯ ಕಂಬಿ ಹಿಡಿದುಕೊಂಡ. ಕೆಳಗೆ ಬೀದಿ ಒಂದು ಸುತ್ತು ಮೆಲ್ಲನೆ ತಿರುಗಿತು, ಹೆಡ್‌ಸೆಟ್ ಇಲ್ಲದೆಯೇ.

“ಕಷ್ಟದ್ದೇನಿಲ್ಲ,” ಎಂದರು ಅಧ್ಯಕ್ಷೆ ವಿಶ್ವಾಸದಿಂದ. “ಬಂದವ್ರು ಏನು ಕೇಳಿದ್ರೂ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ ಅಂತ ಹೂಂ ಅಂದ್ರೆ ಸಾಕು. ಬೇಡ ಅನ್ನೋದೆಲ್ಲ ನಮ್ಮ ನಮ್ಮೊಳಗೆ. ಆಯ್ತಲ್ಲ?”

ಸತ್ಯ ಹೇಳಿಬಿಡಬೇಕು ಎಂದು ಬಾಯಿ ತೆರೆದ. ಹೇಳಿದರೆ ನಾಳೆ ಬೆಳಿಗ್ಗೆ ಗೋಡೆಗೆ ಮುಖ ಮಾಡಿ ನಿಲ್ಲುವ ಇಪ್ಪತ್ತನೆಯ ಕುರ್ಚಿ ಅವನದು. ವಾಷಿಂಗ್ ಮೆಷಿನ್ನಿನವರಿಗೆ ಕ್ಷಮೆ ಸಿಕ್ಕಿತ್ತು ನಿಜ. ಆದರೆ ಅಧ್ಯಕ್ಷೆಯ ಎದೆಯನ್ನು ಧಸಕ್ಕೆನ್ನಿಸಿದ ಫ್ಯಾನಿಗೆ ಸಿಗುವಂತಿರಲಿಲ್ಲ.

“ಆಯ್ತು ಮೇಡಂ,” ಎಂದ.

ಒಳಗೆ ಬಂದಾಗ ಮೂರು ಮುಖಗಳು ಕಾದಿದ್ದವು. ಲಿಫ್ಟ್ ಮಾಮ ಹೊಸ ಬೀಗ ಕೂರಿಸುವ ನೆಪದಲ್ಲಿ ಬಂದಿದ್ದರು. ಟೈಲರಕ್ಕ ನೆಪವಿಲ್ಲದೆಯೇ ಬಂದಿದ್ದಳು.

“ಏನಂದ್ರಪ್ಪಾ? ಕೆಲಸ ಉಳೀತಾ?” ಎಂದರು ಲಿಫ್ಟ್ ಮಾಮ.

“ಉಳೀತು ಮಾಮ.”

“ಹೇಳ್ಲಿಲ್ವಾ ನಾನು!” ಮಾಮ ಎದೆಯುಬ್ಬಿಸಿದರು. “ನನ್ನ ಕೈ ಬಿದ್ಮೇಲೆ ಕೆಟ್ಟಿದ್ದು ಕೆಟ್ಟ ಹಾಗೆ ಇರೋದುಂಟಾ?”

“ಗಂಟೆ ಸರಿಮಾಡೋಕೆ ಬಿಟ್ರಾ?” ಎಂದಳು ಹೆಂಡತಿ. ಅವಳ ಮುಖ ಬೆಳಗುತ್ತಿತ್ತು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಅಂಥ ನಿರಾಳ ಕಂಡಿದ್ದ ಅವನು.

ಮಾಮನಿಗೆ ಹೇಳಿದರೆ ನಾಳೆ ಹತ್ತು ಗಂಟೆಯೊಳಗೆ ನೀರಿನ ಪಂಪೋ ಲಿಫ್ಟೋ ಹೆಡ್‌ಸೆಟ್ ತೊಟ್ಟಿರುತ್ತದೆ. ಟೈಲರಕ್ಕನಿಗೆ ಹೇಳಿದರೆ ಬೀದಿಗೇ ಹೇಳಿದಂತೆ. ಹೆಂಡತಿಗೆ ಹೇಳಿದರೆ ಅವಳು ಇದೇ ಫೋನು ಕಿತ್ತುಕೊಂಡು ಅಧ್ಯಕ್ಷೆಗೆ ಬೇಡವೆಂದು ತಾನೇ ಹೇಳಿಬಿಡುತ್ತಾಳೆ, ಅದೂ ಫ್ಯಾನಿಗಿಂತ ಸ್ಪಷ್ಟವಾಗಿ.

“ಸದ್ಯಕ್ಕೆ ಬೇರೆ ಕೆಲಸ ಕೊಟ್ಟಿದಾರೆ,” ಎಂದ. “ಕೂತ್ಕೊಂಡು ಮಾಡೋದು.”

“ಏನಂತೆ ಅದು?”

“ಹಾಗೇ... ಜನರನ್ನ ನೋಡೋದು, ಮಾತಾಡ್ಸೋದು.”

ಮೂವರೂ ಒಳ್ಳೆಯ ಕೆಲಸವೆಂದು ಒಪ್ಪಿ ತಲೆಯಾಡಿಸಿದರು. ಗಂಟೆಯಣ್ಣ ಅವರೆಲ್ಲರ ಜೊತೆ ತಾನೂ ತಲೆಯಾಡಿಸಿದ, ಮೇಲಕ್ಕೆ ಕೆಳಕ್ಕೆ, ಅಳತೆ ತಪ್ಪದ ಹಾಗೆ. ಆ ಫೋನಿನಲ್ಲಿ ನಡೆದದ್ದನ್ನು ಯಾರಿಗೂ, ಯಾವತ್ತಿಗೂ ಹೇಳಬಾರದೆಂದು ಅವನು ಅಷ್ಟರಲ್ಲಿ ತೀರ್ಮಾನಿಸಿಯಾಗಿತ್ತು.